ಹೊಗೆಯಿಲ್ಲದ ಕೆಂಡ

ಅಮೆರಿಕಕ್ಕೆ ಹೋಗಿಬಂದವನನ್ನು ಜನ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ನಯಾಗರ ನೋಡಿದಿರಾ? ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳನ್ನು ಹತ್ತಿದಿರಾ? ನಾನು ಇವೆರಡನ್ನೂ ಕಾಣಲಿಲ್ಲ. ಡಿಸೆಂಬರಿನಲ್ಲಿ ದೊರೆತ ಮೂರು ವಾರಗಳ ರಜೆಯನ್ನು ಟೆಕ್ಸಾಸ್ ಸಂಸ್ಥಾನದ ರಾಜಧಾನಿಯಾದ ಆಸ್ಟಿನ್ ನಗರದ ಹೊರವಲಯದಲ್ಲಿ, ನನ್ನ ಅಕ್ಕನ ಮನೆಯಲ್ಲಿ ಕಳೆದೆ. ಅಲ್ಲಿ ನಾನು ಮನಸ್ಸಿಟ್ಟು ನೋಡಿಬಂದ ವಸ್ತು ಇದ್ದಲು. ಸಪ್ತಸಮುದ್ರಗಳನ್ನು ದಾಟಿ ಹೋಗಿ ಇದ್ದಲನ್ನು ನೋಡಿಬಂದೆಯಾ ಎಂದು ನಮ್ಮ ಕಾಲೇಜಿನ ಮಿತ್ರರು ನಕ್ಕರು. ನಗಲಿ. ನಾನು ಕಂಡದ್ದನ್ನು ಹೇಳಿದ ಮೇಲೆ ಓದುಗರೇ ತೀರ್ಮಾನಿಸಬಹುದು.

ನಾನು ಹೋಗುವುದಕ್ಕೆ ಎರಡು ತಿಂಗಳು ಮೊದಲೇ ನಮ್ಮ ತಾಯಿ ಅಲ್ಲಿಗೆ ಹೋಗಿದ್ದರು. ಮಗಳ ಮನೆ, ಮೊಮ್ಮಕ್ಕಳು, ಬೆಚ್ಚನೆಯ ಕೋಣೆ, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಅವರು ಮಾತು ಕಡಮೆ ಮಾಡಿದ್ದರು. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಬಳಿ ಕುಳಿತು ಜನರಿಲ್ಲದ ಬೀದಿಯನ್ನು ನೋಡುತ್ತಿದ್ದರು. ಒತ್ತುಗುಂಡಿಯ ಒಲೆ, ಪಾತ್ರೆ ತೊಳೆಯುವ ಯಂತ್ರ, ಎಲ್ಲವೂ ಅವರ ಕೈಯಿಂದ ಕೆಲಸವನ್ನು ಕಿತ್ತುಕೊಂಡಿದ್ದವು. “ಅಮ್ಮನನ್ನು ಕರೆತಂದು ತಪ್ಪು ಮಾಡಿದೆನೇನೋ” ಎಂದು ಅಕ್ಕ ನನ್ನೊಡನೆ ಮೆಲ್ಲಗೆ ಹೇಳಿಕೊಂಡಳು.

ನೆರೆಮನೆಯಲ್ಲಿ ಎಪ್ಪತ್ತು ದಾಟಿದ ವೃದ್ಧರೊಬ್ಬರು ಒಂಟಿಯಾಗಿ ವಾಸವಾಗಿದ್ದರು. ಬಡಗಿಯ ವೃತ್ತಿಯಿಂದ ನಿವೃತ್ತರಾದವರು. ಅವರ ಹಿತ್ತಿಲಲ್ಲಿ ಆನೆಯ ಮೊಟ್ಟೆ ಎಂದು ಹೇಳಬಹುದಾದಂಥ, ಹಸಿರು ಬಣ್ಣದ, ದಪ್ಪ ಪಿಂಗಾಣಿಯ ಒಲೆಯೊಂದಿತ್ತು. ಜಪಾನೀಯರು ಒಲೆಗೆ ಕಮಾಡೊ ಎನ್ನುತ್ತಾರೆ. ಈ ಒಲೆಗೂ ಅದೇ ಹೆಸರು. ಎರಡನೆಯ ಮಹಾಯುದ್ಧದ ನಂತರ ಜಪಾನಿನಿಂದ ಮರಳಿದ ಸೈನಿಕರು ಇದರ ರುಚಿಯನ್ನು ಅಮೆರಿಕಕ್ಕೆ ತಂದರಂತೆ. ಶನಿವಾರ ಮುಂಜಾನೆ ನಸುಕಿನಲ್ಲಿಯೇ ವೃದ್ಧರು ಅದಕ್ಕೆ ಬೆಂಕಿ ಮಾಡುವರು. ಸಂಜೆಗೆ ಮಾಂಸ ಹದವಾಗುವುದು. ಇದು ಆ ನಾಡಿನ ಬಾರ್ಬೆಕ್ಯೂ. ಟೆಕ್ಸಾಸಿನಲ್ಲಿ ಅದು ಬರಿಯ ಅಡಿಗೆಯಲ್ಲ, ಒಂದು ಅಭಿಮಾನ. ಆಸ್ಟಿನ್ನಿನ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರು ದೂರದ ಲಾಕ್‌ಹಾರ್ಟ್ ಎಂಬ ಸಣ್ಣ ಊರನ್ನು ಬಾರ್ಬೆಕ್ಯೂವಿನ ರಾಜಧಾನಿಯೆಂದು 1999ರಲ್ಲಿ ಅಲ್ಲಿನ ಶಾಸನಸಭೆಯೇ ನಿರ್ಣಯ ಮಾಡಿ ಗೌರವಿಸಿತೆಂದರೆ ಉಳಿದದ್ದನ್ನು ಊಹಿಸಬಹುದು.

ನಾವು ಸಸ್ಯಾಹಾರಿಗಳು. ಆದುದರಿಂದ ಆ ಒಲೆಯ ಮೇಲಿನ ಪದಾರ್ಥದ ಗೊಡವೆ ನಮಗಿರಲಿಲ್ಲ. ಆದರೆ ಒಲೆಯ ಕೆಳಗಿನ ಪದಾರ್ಥ ನನ್ನ ಕುತೂಹಲವನ್ನು ಕೆರಳಿಸಿತು. ಮೊದಲ ಶನಿವಾರವೇ ನಾನು ಬೇಲಿಯ ಬಳಿ ನಿಂತು ನೋಡುತ್ತಿದ್ದೆ. ವೃದ್ಧರು ಇದ್ದಲಿನ ಕಾಗದದ ಚೀಲವನ್ನು ಹಾಗೆಯೇ ಒಲೆಗೆ ಸುರಿಯಲಿಲ್ಲ. ನೆಲದ ಮೇಲೆ ಹಳೆಯ ಬಟ್ಟೆ ಹಾಸಿ, ಅದರ ಮೇಲೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವ ಗೃಹಿಣಿಯಂತೆ ಕುಳಿತು ಆರಿಸತೊಡಗಿದರು. ಮುಷ್ಟಿಯಷ್ಟು ದೊಡ್ಡವು ಒಂದು ಕಡೆ, ನಿಂಬೆಹಣ್ಣಿನಷ್ಟು ಗಾತ್ರದವು ಇನ್ನೊಂದು ಕಡೆ, ನುಚ್ಚು ಮತ್ತು ಪುಡಿ ಬೇರೊಂದು ಡಬ್ಬಕ್ಕೆ.

ಕಾರಣವನ್ನು ಅವರೇ ವಿವರಿಸಿದರು. ಈ ಅಡಿಗೆಗೆ ಬೇಕಾದುದು ಧಗಧಗಿಸುವ ಉರಿಯಲ್ಲ. 225 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ನಮ್ಮ ಲೆಕ್ಕದ 107 ಡಿಗ್ರಿ, ನೀರು ಕುದಿಯುವ ಶಾಖಕ್ಕಿಂತ ತುಸು ಮಾತ್ರ ಹೆಚ್ಚು. ಅಷ್ಟೇ ಶಾಖ ಹನ್ನೆರಡು ಗಂಟೆ ಕಾಲ ಏರದೆ ಇಳಿಯದೆ ನಿಲ್ಲಬೇಕು. ಒಲೆಯ ಕೆಳಗೊಂದು, ಮೇಲೊಂದು ಗಾಳಿಕಂಡಿ. ಅವನ್ನು ಕೂದಲೆಳೆಯಷ್ಟು ತೆರೆದು ಮುಚ್ಚಿ ಬೆಂಕಿಯನ್ನು ಹಿಡಿತದಲ್ಲಿಡುತ್ತಾರೆ. ಇದ್ದಲಿನ ನುಚ್ಚು ಕೆಳಗಿಳಿದು ಕಂಡಿಯನ್ನು ಕಟ್ಟಿದರೆ ನಡುರಾತ್ರಿಯಲ್ಲಿ ಬೆಂಕಿ ಸತ್ತುಹೋಗುತ್ತದೆ. ಬೂದಿ ಹೆಚ್ಚಾದರೂ ಅದೇ ಗತಿ. ಅಂಗಡಿಗಳಲ್ಲಿ ದೊರೆಯುವ ದಿಂಬಿನಾಕಾರದ ಅಚ್ಚು ಇದ್ದಲನ್ನು ಅವರು ಮುಟ್ಟುವುದಿಲ್ಲ. ಪುಡಿಮಾಡಿದ ಇದ್ದಲಿಗೆ ಗಂಜಿಯನ್ನು ಬೆರೆಸಿ ಅದನ್ನು ಅಚ್ಚೊತ್ತುತ್ತಾರೆ; ಅಚ್ಚು ಇಂಧನದ ಒಂದು ವಿನ್ಯಾಸಕ್ಕೆ ಪೆನ್ಸಿಲ್ವೇನಿಯದ ಎಲ್ಸ್‌ವರ್ತ್ ಜ್ವಾಯರ್ ಎಂಬವರು 1897ರಲ್ಲಿ ಹಕ್ಕುಪತ್ರ ಪಡೆದರು. 1920ರ ದಶಕದಲ್ಲಿ ಹೆನ್ರಿ ಫೋರ್ಡ್ ತನ್ನ ಮೋಟಾರು ಕಾರ್ಖಾನೆಯ ಮರದ ಚೂರುಗಳನ್ನು ಹಾಗೆ ಅಚ್ಚೊತ್ತಿಸಿ ಮಾರಿದ. ಅಚ್ಚು ಇದ್ದಲು ಸಮನಾಗಿ ಉರಿಯುತ್ತದೆ ನಿಜ. ಆದರೆ ಬೂದಿ ಬಹಳ. ಉಂಡೆ ಇದ್ದಲಿನ ಬೂದಿ ಹಿಡಿಯಷ್ಟು.

ಇನ್ನೊಂದು ಸೂಕ್ಷ್ಮವಿದೆ. ಬಾರ್ಬೆಕ್ಯೂವಿಗೆ ಹೊಗೆಯ ಪರಿಮಳ ಪ್ರಾಣ. ಆದರೆ ಆ ಹೊಗೆ ಇದ್ದಲಿನದಲ್ಲ. ಕೆಂಡದ ಮೇಲೆ ಓಕ್ ಅಥವಾ ಪೆಕಾನ್ ಮರದ ಒಣಗಿದ ತುಂಡುಗಳನ್ನಿಟ್ಟು ಅವುಗಳಿಂದ ತೆಳುವಾದ ನೀಲಿ ಹೊಗೆಯನ್ನು ಪಡೆಯುತ್ತಾರೆ. ಇದ್ದಲಿನ ಕರ್ತವ್ಯ ಶಾಖ ಕೊಡುವುದಷ್ಟೆ. ತಾನಾಗಿ ಅದು ಮಾತಾಡಬಾರದು. ಅರೆಬೆಂದ ಇದ್ದಲಾದರೆ ಬಿಳಿಯ ದಟ್ಟ ಹೊಗೆಯೆದ್ದು ಪದಾರ್ಥವೆಲ್ಲ ಕಹಿಯಾಗುತ್ತದೆ. ಒಳ್ಳೆಯ ತಂಬೂರಿಯಂತೆ ಹಿಂದೆ ನಿಂತು ಶ್ರುತಿ ಹಿಡಿಯುವ ಇದ್ದಲೇ ಉತ್ತಮ ಎಂದು ನನಗೆ ತೋರಿತು.

ನಾವು ಹೀಗೆ ಮಾತಾಡುತ್ತಿರುವಾಗ ಹಿಂದೆ ಹೆಜ್ಜೆಯ ಸಪ್ಪಳವಾಯಿತು. ತಾಯಿ ಬಂದಿದ್ದರು; ಸೀರೆಯ ಮೇಲೆ ಭಾವನ ದಪ್ಪ ಕೋಟು, ಕಾಲಿಗೆ ಮೊಮ್ಮಗನ ಬೂಟು. ಯಾರ ಅನುಮತಿಯನ್ನೂ ಕೇಳದೆ ಬೇಲಿಯ ಬಾಗಿಲು ದಾಟಿ ಒಳಗೆ ಹೋದರು. ರಾಶಿಯಿಂದ ಒಂದು ತುಂಡನ್ನೆತ್ತಿ ಕೈಯಲ್ಲಿ ತೂಗಿ ನೋಡಿ, ಮೊಣಕಾಲೆತ್ತರದಿಂದ ಸಿಮೆಂಟು ನೆಲದ ಮೇಲೆ ಬಿಟ್ಟರು. ‘ಠಣ್’ ಎಂದಿತು. ತಲೆದೂಗಿ ಒಂದು ಪಕ್ಕಕ್ಕಿಟ್ಟರು. ಇನ್ನೊಂದನ್ನು ಬಿಟ್ಟರು. ‘ದಪ್’ ಎಂದಿತು. “ಇದು ಬೆಂದಿಲ್ಲ” ಎಂದು ಅಚ್ಚಗನ್ನಡದಲ್ಲಿಯೇ ವೃದ್ಧರಿಗೆ ಹೇಳಿದರು. ಅವರಿಗೆ ಏನು ತಿಳಿಯಿತೋ, ಪಕ್ಕದಲ್ಲಿದ್ದ ಸುತ್ತಿಗೆಯಿಂದ ಆ ತುಂಡನ್ನು ಒಡೆದರು. ಹೊರಗೆ ಕಪ್ಪಾಗಿದ್ದರೂ ತಿರುಳು ಕಾಫಿಪುಡಿಯ ಬಣ್ಣವಾಗಿತ್ತು. ವೃದ್ಧರು ತಮ್ಮ ಟೋಪಿಯನ್ನು ತೆಗೆದು ಬಾಗಿದರು. ತಾಯಿ ನಕ್ಕರು. ಎರಡು ತಿಂಗಳಲ್ಲಿ ಅದು ಮೊದಲ ನಗು ಎಂದು ಅಕ್ಕ ಆಮೇಲೆ ಹೇಳಿದಳು.

ಅಂದು ನಾನು ದುಭಾಷಿಯಾಗಿ ಕುಳಿತು ಇಬ್ಬರಿಂದಲೂ ಸಂಗ್ರಹಿಸಿದ ಪಾಠ ಇಷ್ಟು. ಒಳ್ಳೆಯ ಇದ್ದಲು ಗಾತ್ರಕ್ಕೆ ಹಗುರ. ಬಿದ್ದರೆ ಗಾಜಿನಂತೆ ದನಿ ಕೊಡುತ್ತದೆ. ಜಪಾನಿನ ವಾಕಯಾಮಾ ಪ್ರಾಂತದ ಬಿಂಚೋತಾನ್ ಎಂಬ ಗಟ್ಟಿ ಇದ್ದಲಂತೂ ಲೋಹದಂತೆಯೇ ನುಡಿಯುತ್ತದೆ. ಮುರಿದ ಮೈ ಹೊಳೆಯಬೇಕು. ಮರದ ವಯಸ್ಸಿನ ಉಂಗುರಗಳು ಎಣಿಸುವಷ್ಟು ಸ್ಪಷ್ಟವಾಗಿರಬೇಕು. ಬೆರಳಿಗೆ ಮಸಿ ಹೆಚ್ಚು ಹತ್ತಬಾರದು. ಮೂಸಿದರೆ ಏನೂ ವಾಸನೆ ಬರಬಾರದು. ಸುಟ್ಟ ಕಟ್ಟಿಗೆಯ ವಾಸನೆ ಬಂದರೆ ಅದು ಅರೆಬೆಂದದ್ದು. ಹೊತ್ತಿಸಿದಾಗ ಚಟಪಟ ಸಿಡಿಯುವುದು ಬಹುವೇಳೆ ತೇವದ ಗುರುತು. ಇದ್ದಲು ಗಾಳಿಯ ತೇವವನ್ನು ಕುಡಿಯುವ ಪದಾರ್ಥವಾದ್ದರಿಂದ ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಿ, ನೆಲದಿಂದ ಮೇಲಕ್ಕೆ ಇಡಬೇಕು. ಸೀಮೆಎಣ್ಣೆಯ ಜಾತಿಯ ದ್ರವಗಳನ್ನು ಸುರಿದು ಹೊತ್ತಿಸಬಾರದು. ತಗಡಿನ ಕೊಳವೆಯಲ್ಲಿ ತುಂಬಿ, ಕೆಳಗೆ ಕಾಗದವಿಟ್ಟು ಹೊತ್ತಿಸಿದರೆ ಕಾಲು ಗಂಟೆಯಲ್ಲಿ ಕೆಂಡವಾಗುತ್ತದೆ.

ಬಡಗಿಯವರು ಇನ್ನೊಂದು ಪರೀಕ್ಷೆಯನ್ನು ಸೇರಿಸಿದರು. ರಾಶಿಯಿಂದ ಒಂದು ತುಂಡನ್ನೆತ್ತಿ ಅದರ ಅಂಚಿನಲ್ಲಿದ್ದ ನೇರವಾದ ಗಾಡಿಯನ್ನು ತೋರಿಸಿದರು. ಮರದ ಹಲಗೆಗಳನ್ನು ನೆಲಕ್ಕೆ ಕೂಡಿಸುವಾಗ ಒಂದರೊಳಗೊಂದು ಸೇರಲೆಂದು ಕೊರೆಯುವ ಗಾಡಿ ಅದು. ಎಂದರೆ ಆ ಇದ್ದಲು ಮರದಿಂದಲ್ಲ, ಮರಗೆಲಸದ ಚೂರುಗಳಿಂದ ಬಂದದ್ದು. ಬರಿಯ ಮರದ ಚೂರಾದರೆ ಚಿಂತೆಯಿಲ್ಲ. ಬಣ್ಣ, ಅಂಟು, ಮೆರುಗೆಣ್ಣೆ ಹತ್ತಿದ ಚೂರಾದರೆ ಅದನ್ನು ಅಡಿಗೆಯ ಬಳಿಗೆ ತರಬಾರದು. ಅದೇ ಚೀಲದಲ್ಲಿ ಒಂದು ಮೊಳೆಯೂ ಎರಡು ಕಲ್ಲುಗಳೂ ಸಿಕ್ಕಿದವು. ಚೀಲದ ಮೇಲೆ ಮಾತ್ರ ‘ನೂರಕ್ಕೆ ನೂರು ಶುದ್ಧ’ ಎಂದು ಅಚ್ಚಾಗಿತ್ತು. ನಮ್ಮ ಊರಿನ ಮಂಡಿಯ ಮೂಟೆಗಳಿಗೂ ಆ ಚೀಲಕ್ಕೂ ಇದ್ದ ವ್ಯತ್ಯಾಸ ಮುದ್ರಣದ ಅಂದವೊಂದೇ.

ತಾಯಿಗೆ ಈ ವಿದ್ಯೆ ಎಲ್ಲಿಂದ ಬಂತೆಂದು ಓದುಗರು ಕೇಳಬಹುದು. ಅವರ ತವರು ಭದ್ರಾವತಿ. 1923ರಲ್ಲಿ ಅಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಕಾಡುಮರದ ಇದ್ದಲಿನಿಂದ ಕಬ್ಬಿಣ ಕರಗಿಸಿದ ಕಾರ್ಖಾನೆ. ನಮ್ಮ ತಾತ ಅಲ್ಲಿ ಇದ್ದಲಿನ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ಇದ್ದಲೆಂದರೆ ಸುಟ್ಟ ಸೌದೆಯಲ್ಲ, ಗಾಳಿಗೆ ಅವಕಾಶವಿಲ್ಲದಂತೆ ಬೇಯಿಸಿದ ಸೌದೆ ಎಂದು ಅವರು ಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ. ಮೊದಲು ಮರದ ನೀರು ಹೋಗುತ್ತದೆ. ಶಾಖ ಸುಮಾರು 280 ಡಿಗ್ರಿಗೇರಿದಾಗ ಮರ ತನ್ನ ಶಾಖದಿಂದಲೇ ಒಡೆಯತೊಡಗಿ, ಹುಳಿಯಾದ ಆವಿ, ಮರದ ಮದ್ಯಸಾರ, ಟಾರು ಎಲ್ಲವೂ ಹೊರಡುತ್ತವೆ. ಇವನ್ನು ವ್ಯರ್ಥಮಾಡದೆ ಹಿಡಿದಿಡಲು ಭದ್ರಾವತಿಯಲ್ಲಿ ಒಂದು ಪ್ರತ್ಯೇಕ ವಿಭಾಗವೇ ಇತ್ತು. ಶಾಖ 400ರಿಂದ 500 ಡಿಗ್ರಿಯವರೆಗೆ ಏರಿ ನಿಂತ ಮೇಲೆ ಉಳಿಯುವುದು ಬಹುಮಟ್ಟಿಗೆ ಇಂಗಾಲ. 100 ಕಿಲೋ ಮರಕ್ಕೆ 20ರಿಂದ 30 ಕಿಲೋ ಇದ್ದಲು ದೊರೆತರೆ ಅದೃಷ್ಟ. ಸುಡುವವನು ಆತುರಪಟ್ಟು ಗೂಡನ್ನು ಬೇಗ ಮುಚ್ಚಿದರೆ ತೂಕ ಹೆಚ್ಚು ಸಿಗುತ್ತದೆ; ಆದರೆ ಹೊರಡಬೇಕಾದ ಹೊಗೆ ಒಳಗೇ ಉಳಿದು, ಕೊಂಡವನ ಅಡಿಗೆಮನೆಯಲ್ಲಿ ಹೊರಡುತ್ತದೆ. ಇದ್ದಲಿನ ಗುಣವನ್ನು ಅದರಲ್ಲಿ ಇರುವುದರಿಂದಲ್ಲ, ಅದರಿಂದ ಹೊರಟುಹೋದುದರಿಂದ ಅಳೆಯಬೇಕೆಂಬುದು ತಾತನ ಸಿದ್ಧಾಂತ.

ಆ ಭಾನುವಾರ ವೃದ್ಧರೇ ನಮ್ಮೆಲ್ಲರನ್ನೂ ಲ್ಯಾನೊ ಎಂಬ ಊರಿಗೆ ಕರೆದೊಯ್ದರು. ಆಸ್ಟಿನ್ನಿನ ವಾಯವ್ಯಕ್ಕೆ ಸುಮಾರು 120 ಕಿಲೋಮೀಟರು. ದಾರಿಯುದ್ದಕ್ಕೂ ಕುರುಚಲು ಗುಡ್ಡಗಳು, ಸುಣ್ಣಕಲ್ಲಿನ ದಿಬ್ಬಗಳು. ಊರು ಸಮೀಪಿಸಿದಂತೆ ನಸುಗೆಂಪು ಗ್ರಾನೈಟ್ ಬಂಡೆಗಳು. ಕಾರು ನಿಂತೊಡನೆ ತಾಯಿ ರಸ್ತೆಯ ಪಕ್ಕದ ಎಲೆಯುದುರಿದ ಮರವೊಂದನ್ನು ದಿಟ್ಟಿಸಿದರು. ಸೊಟ್ಟ ಕೊಂಬೆಗಳು, ನೀಳವಾದ ಮುಳ್ಳು, ಬುಡದಲ್ಲಿ ಒಣಗಿದ ಕಾಯಿಗಳು. “ಇದು ನಮ್ಮ ಬಳ್ಳಾರಿ ಜಾಲಿ!” ಎಂದರು.

ಅವರ ಮಾತು ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಅದು ಮೆಸ್ಕೀಟ್ ಮರ. ನಮ್ಮ ಬಳ್ಳಾರಿ ಜಾಲಿಯ ಒಡಹುಟ್ಟು. ಜಾಲಿಯ ಮೂಲ ನೆಲೆಯೇ ಅಮೆರಿಕ ಖಂಡ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ಸೌದೆಗಾಗಿ ನಮ್ಮ ದೇಶಕ್ಕೆ ತಂದರು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ತಾಯಿ ಹಲವು ವರ್ಷ ಉರಿಸಿದ್ದು ಜಾಲಿಯ ಇದ್ದಲನ್ನೇ. ಲ್ಯಾನೊದ ಭೋಜನಶಾಲೆಯೊಂದರ ಅಂಗಳದಲ್ಲಿ ಮೆಸ್ಕೀಟ್ ಕೊರಡುಗಳ ದೊಡ್ಡ ರಾಶಿ ಉರಿಯುತ್ತಿತ್ತು. ಆ ಮರದ ಹಸಿ ಹೊಗೆ ಬಹಳ ಒಗರಾದುದರಿಂದ ಮೊದಲು ಅದನ್ನು ಉರಿಸಿ, ಹೊಗೆಯೆಲ್ಲ ಕಳೆದ ಮೇಲೆ, ನಿಗಿನಿಗಿ ಕೆಂಡವನ್ನಷ್ಟೇ ಸನಿಕೆಯಲ್ಲಿ ಮೊಗೆದು ಒಲೆಗಳಿಗೆ ಹಾಕುತ್ತಿದ್ದರು. ತಾಯಿ ಆ ರಾಶಿಯ ಮುಂದೆ ಕೈಗಳನ್ನು ಚಾಚಿ ನಿಂತರು. ಒಳಗೆ ಹೋಗಲು ಒಪ್ಪಲಿಲ್ಲ. ಅಕ್ಕ ಕಟ್ಟಿ ತಂದಿದ್ದ ಮೊಸರನ್ನವನ್ನು ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಉಂಡರು.

ಮಾರನೆಯ ದಿನ ಅವರಿಗೆ ಒಂದು ಆಸೆ ಹುಟ್ಟಿತು: ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು. ಅಕ್ಕನ ಮನೆಯಲ್ಲಿ ಮಕ್ಕಳಿಗೆ ಮುಸುಕಿನ ಜೋಳ ಸುಟ್ಟುಕೊಡುವ ಮುಚ್ಚಳದ ದುಂಡು ಒಲೆಯೊಂದಿತ್ತು. ಷಿಕಾಗೋ ಬಳಿಯ ಜಾರ್ಜ್ ಸ್ಟೀಫನ್ ಎಂಬವರು 1952ರಲ್ಲಿ ಸಮುದ್ರದ ಬೋಯಾ ಮಾಡುವ ಲೋಹದ ಅರೆಗೋಳಗಳಿಂದ ಇಂಥ ಒಲೆಯನ್ನು ಮೊದಲು ರೂಪಿಸಿದರು. ವೃದ್ಧರು ತಾವು ಆರಿಸಿಟ್ಟ ‘ಠಣ್’ ಎನ್ನುವ ತುಂಡುಗಳನ್ನು ಒಂದು ಡಬ್ಬದ ತುಂಬ ಕಳುಹಿಸಿದರು.

ಅಂದು ಮಧ್ಯಾಹ್ನ ಅಂಗಿಯೊಂದರಲ್ಲೇ ತಿರುಗಾಡುವಷ್ಟು ಬಿಸಿಲಿತ್ತು. ಸಂಜೆ ಇದ್ದಕ್ಕಿದ್ದಂತೆ ಉತ್ತರದ ಗಾಳಿ ಬೀಸಿತು. ಆ ನಾಡಿನಲ್ಲಿ ಅದಕ್ಕೆ ನಾರ್ದರ್ ಎಂದೇ ಹೆಸರು. ಒಂದೆರಡು ಗಂಟೆಯಲ್ಲಿ ಕೈ ಮರಗಟ್ಟುವ ಚಳಿ, ಜೊತೆಗೆ ಜಡಿಮಳೆ. ಕೆಂಡ ಆಗಲೇ ಸಿದ್ಧವಾಗಿತ್ತು. ಅದರಲ್ಲಿ ಹೊಗೆಯೆಂಬುದರ ಸುಳಿವೂ ಇರಲಿಲ್ಲ. ಬಿಳಿಯ ತೆಳುಬೂದಿಯ ಕೆಳಗೆ ದಾಸವಾಳದಂಥ ಕೆಂಪು. ಭಾವ ಒಲೆಯ ಗಾಲಿಗಳನ್ನು ಉರುಳಿಸುತ್ತ ಗ್ಯಾರೇಜಿನ ಒಳಕ್ಕೆ ತಂದರು. “ಅತ್ತೆ, ನೀವು ಇಲ್ಲಿ ಬೆಚ್ಚಗೆ ಕುಳಿತು ಸುಡಿ. ಹೊಗೆಯೇ ಇಲ್ಲವಲ್ಲ, ಬಾಗಿಲು ಹಾಕಿಬಿಡುತ್ತೇನೆ” ಎಂದರು.

“ಬೇಡಿ!”

ತಾಯಿ ಅಳಿಯಂದಿರ ಮುಂದೆ ದನಿಯೆತ್ತಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. “ಹೊಗೆ ಇಲ್ಲ ಅಂತಲೇ ಬೇಡ ಅಂದೆ. ಹೊರಗೆ ತಳ್ಳಿ. ಮೊದಲು ಹೊರಗೆ ತಳ್ಳಿ.” ಭಾವ ಮಾತಿಲ್ಲದೆ ಒಲೆಯನ್ನು ಮಳೆಗೇ ತಳ್ಳಿದರು. ಕೆಂಡ ಚುಂಯ್ ಎಂದಿತು.

ಆಮೇಲೆ ಅಡಿಗೆಮನೆಯಲ್ಲಿ ಕುಳಿತು ಅವರು ಹೇಳಿದ ಸಂಗತಿ, ನಮಗೆ ಯಾರಿಗೂ ತಿಳಿಯದಿದ್ದ ಸಂಗತಿ. ಅಕ್ಕ ಹುಟ್ಟಿದ್ದು ಭದ್ರಾವತಿಯಲ್ಲಿ, ಪುಷ್ಯ ಮಳೆಯ ಕಾಲ. ಹಗಲು ರಾತ್ರಿ ಸುರಿಯುವ ಮಳೆ. ಬಾಣಂತಿಯ ಕೋಣೆ ಬೆಚ್ಚಗಿರಲೆಂದು ಮಂಚದ ಬಳಿ ಅಗ್ಗಿಷ್ಟಿಕೆ ಇಟ್ಟಿದ್ದರು. ಮಗುವಿನ ಕಣ್ಣಿಗೆ ಹೊಗೆ ತಾಕಬಾರದೆಂದು ತಾತ ಒಂದೊಂದೇ ತುಂಡನ್ನು ದನಿ ಕೇಳಿ ಆರಿಸಿ, ಅತ್ಯುತ್ತಮವಾದ ಇದ್ದಲನ್ನು ತಂದುಕೊಟ್ಟಿದ್ದರು. ಶೀತಗಾಳಿ ಬಡಿಯಬಾರದೆಂದು ಅಜ್ಜಿ ಕಿಟಕಿಯ ಸಂದುಗಳಿಗೆ ಬಟ್ಟೆ ತುರುಕಿದ್ದರು. ರಾತ್ರಿ ತಾಯಿಗೆ ತಲೆ ಸಿಡಿಯಿತು, ಬಾಣಂತಿಯ ಆಯಾಸವೆಂದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ನೀರು ಕುಡಿಯಲು ಏಳಹೋದರೆ ಕಾಲು ತಮ್ಮದಾಗಿರಲಿಲ್ಲ. ಕೂಗಲು ದನಿಯಿಲ್ಲ. “ಆದರೆ ಹೆದರಿಕೆಯಾಗಲಿಲ್ಲ, ನೋಡು. ಹಾಯಾಗಿ ನಿದ್ದೆ ಬರುವ ಹಾಗಿತ್ತು. ಅದೇ ಅದರ ಮೋಸ.” ನಡುರಾತ್ರಿ ಹಾಲಿಗೆ ಅಳಬೇಕಾಗಿದ್ದ ಕೂಸು ಅಳಲಿಲ್ಲವೆಂದು ಅಜ್ಜಿ ಎಚ್ಚತ್ತು ಬಂದು ಬಾಗಿಲು ತೆರೆದರು. ತೊಟ್ಟಿಯ ಅಂಗಳದ ಮಳೆಗಾಳಿಗೆ ಒಯ್ದು ಹಿಡಿದ ಮೇಲೆ, ಎಷ್ಟೋ ಹೊತ್ತಿಗೆ ಕೂಸು ಅತ್ತಿತು.

“ನಮ್ಮಪ್ಪ ಆಮೇಲೆ ಮನೆಗೆ ಇದ್ದಲು ಆರಿಸಿ ತರಲಿಲ್ಲ” ಎಂದು ತಾಯಿ ಮುಗಿಸಿದರು. “ಮಂಡಿಯವನು ಕೊಟ್ಟದ್ದನ್ನೇ ತರುತ್ತಿದ್ದರು. ಯಾಕೆ ಅಂತ ಯಾರೂ ಕೇಳಲಿಲ್ಲ.”

ಆ ಕೂಸು, ನಮ್ಮ ಅಕ್ಕ, ಬದನೆಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

ಇದರ ವಿಜ್ಞಾನ ಇಂದು ಎಲ್ಲರಿಗೂ ತಿಳಿದಿರಬೇಕಾದುದು. ಉರಿಯುವ ಇದ್ದಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದು ರಕ್ತಕ್ಕೆ ಅಂಟಿಕೊಂಡು ಉಸಿರಾಡುತ್ತಿರುವವನನ್ನೇ ಉಸಿರುಗಟ್ಟಿಸುತ್ತದೆ. ಅರೆಬೆಂದ ಇದ್ದಲು ಕಣ್ಣುರಿಸಿ, ಕೆಮ್ಮಿಸಿ, ನಮ್ಮನ್ನು ಎಬ್ಬಿಸಿ ಹೊರಗಟ್ಟುತ್ತದೆ; ಚೆನ್ನಾಗಿ ಬೆಂದ ಇದ್ದಲಿಗೆ ಆ ಸೌಜನ್ಯವೂ ಇಲ್ಲ. ಬಯಲಿನಲ್ಲಿ ಯಾವುದು ಅದರ ಗುಣವೋ, ಮುಚ್ಚಿದ ಮನೆಯಲ್ಲಿ ಅದೇ ಅದರ ಕೇಡು. ಬಾಗಿಲನ್ನು ಅರ್ಧ ತೆರೆದಿಟ್ಟರೆ ಸಾಕೆಂಬುದೂ ತಪ್ಪು. ಕೆಂಡದ ಒಲೆಗೆ ಬಯಲೇ ಮನೆ. ನಾನು ಎದ್ದುಹೋಗಿ ಕಸದ ಬುಟ್ಟಿಯಲ್ಲಿದ್ದ ಖಾಲಿ ಚೀಲವನ್ನು ತಿರುಗಿಸಿ ನೋಡಿದೆ. ಮನೆಯೊಳಗೆ ಉರಿಸಿದರೆ ಸಾವು ಬರಬಹುದೆಂಬ ಎಚ್ಚರಿಕೆ ಅದರ ಮೇಲೆ ಅಚ್ಚಾಗಿಯೇ ಇತ್ತು. ಮೂರು ದಿನಗಳಿಂದ ಇದ್ದಲಿನ ಗುಣವನ್ನು ಚರ್ಚಿಸುತ್ತಿದ್ದ ನಾವು ಯಾರೂ ಅದನ್ನು ಓದಿರಲಿಲ್ಲ.

ಮಳೆ ನಿಂತ ಮೇಲೆ, ಹಿತ್ತಿಲಿನ ತೆರೆದ ಅಂಗಳದಲ್ಲಿ, ಕೋಟು ತೊಟ್ಟು ನಡುಗುತ್ತ ನಾವೆಲ್ಲರೂ ನಿಂತು ಬದನೆಕಾಯಿ ಸುಟ್ಟೆವು. ಬೇಲಿಯಾಚೆಯಿಂದ ವೃದ್ಧರು ಒಂದು ಕಂದೀಲು ಹಿಡಿದು ಬಂದರು. ಗೊಜ್ಜಿನ ರುಚಿಯನ್ನು ಅವರಿಗೂ ತೋರಿಸಿದೆವು. ಹಸಿಮೆಣಸಿನಕಾಯಿ ಅವರನ್ನು ಕಂಗೆಡಿಸಲಿಲ್ಲ.

ಅಂದು ರಾತ್ರಿ ನಿದ್ರೆ ಹತ್ತುವ ಮೊದಲು ಅಕ್ಕ ತಾಯಿಯ ಕೋಣೆಗೆ ಹೋದ ಸಪ್ಪಳ ಕೇಳಿಸಿತು. ಆ ಕೋಣೆಯಲ್ಲಿ ಅಗ್ಗಿಷ್ಟಿಕೆಯೂ ಇರಲಿಲ್ಲ, ಕೆಂಡವೂ ಇರಲಿಲ್ಲ. ಆದರೂ ಅವಳು ಕಿಟಕಿಯನ್ನು ಗೇಣಗಲ ತೆರೆದಳು. ಚಳಿಗಾಳಿ ಒಳಗೆ ನುಗ್ಗಿತು. ಚಳಿಯೆಂದರೆ ಸಿಡಿಮಿಡಿಗೊಳ್ಳುವ ತಾಯಿ ಅಂದು ಏನನ್ನೂ ಹೇಳಲಿಲ್ಲ. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ಮಗಳಿಗೆ ಪಕ್ಕದಲ್ಲಿ ಜಾಗ ಬಿಟ್ಟರು.